ದೊರೆಯ ದನಿಯಲ್ಲಿ ಹಸಿ ಮಾಂಸ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವ ನಾನು, ಹೊಸಪೇಟೆಯ ಗರಡಿಮನೆ ಕಟ್ಟೆಯ ಮೇಲೆ ನಿಂತು ಹಸಿ ದನದ ಮಾಂಸದ ಗುಣಗಾನ ಮಾಡಿದೆ. ನನ್ನ ದನಿಯಲ್ಲಲ್ಲ, ಸಂಡೂರು ಗಣಿಯ ಬಿಳಿ ದೊರೆಯ ದನಿಯನ್ನು ಅಣಕಿಸುತ್ತ. ಆತ ಅದನ್ನು ಸಣ್ಣಗೆ ಕೊಚ್ಚಿಸಿ, ಈರುಳ್ಳಿ ಉದುರಿಸಿಕೊಂಡು ಹಸಿಯಾಗಿಯೇ ತಿನ್ನುತ್ತಾನೆಂದು ಯಾರೋ ಅಂದಿದ್ದರು. ನಾನು ಹೊಟ್ಟೆ ಉಬ್ಬಿಸಿ, "ಟುಮ್ ಲೋಗ್ ಬೇಯಿಸಿ ಬೇಯಿಸಿ ಟಾಕತ್ ಸಾಯಿಸ್ಟೀರಿ" ಎಂದೆ. ಎಲ್ಲರೂ ನಕ್ಕರು, ಹುಸೇನನೊಬ್ಬನ ಹೊರತು.

ಹುಸೇನ ನನ್ನ ಓರಗೆಯವನು, ಪೈಲ್ವಾನ. ಹೋದ ಸಲ ಕಂಪ್ಲಿಯ ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಂಡು ಬಂದಿದ್ದ. ಈ ಸಲದ್ದು ಹತ್ತಿರದಲ್ಲೇ ಇತ್ತು. "ದೊರಿ ಸುಳ್ಳ ಯಾಕ ಹೇಳ್ತಾನಲೇ? ನಾಳಿಂದ ನಾನೂ ಹಸೀದ ತಿಂತೀನಿ" ಎಂದ. ಹೇಳಿದವನು ದೊರೆಯಲ್ಲ, ನಾನು. ನನ್ನ ದನಿಯಲ್ಲಿ ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆಂದರೂ ನಂಬದವರು, ದೊರೆಯ ದನಿಯಲ್ಲಿ ಏನೆಂದರೂ ನಂಬುತ್ತಾರೆ.

ಮನೆಗೆ ಬಂದ ಮೇಲೆ ನನಗೇ ಅನುಮಾನ ಹತ್ತಿತು. ಅದೇ ದೊರೆ ನೀರನ್ನು ಕುದಿಸದೆ ಕುಡಿಯುವುದಿಲ್ಲ. ಟೊಮ್ಯಾಟೊವನ್ನೂ ನೇರಳೆ ಬಣ್ಣದ ಔಷಧಿ ನೀರಲ್ಲಿ ಮುಳುಗಿಸಿಯೇ ತಿನ್ನುತ್ತಾನಂತೆ. ನಮ್ಮ ಬಾವಿಯನ್ನು ನಂಬದವನು ನಮ್ಮ ಎತ್ತನ್ನು ನಂಬಿದನೇ? ಅದೂ ಎಂಥ ಎತ್ತು! ಸಂಡೂರಿನಿಂದ ಹೊಸಪೇಟೆಯ ರೈಲಿನವರೆಗೆ ಅದಿರಿನ ಬಂಡಿ ಎಳೆದೆಳೆದು ಕೊನೆಗೆ ಕಟುಕರ ಓಣಿ ಸೇರುವಂಥದ್ದು. ಅದರ ಮೈಯಲ್ಲಿ ಶಕ್ತಿ ಉಳಿದಿದ್ದರೆ ಬಂಡಿಯವನು ಮಾರುತ್ತಿದ್ದನೇ? ಉಳಿದಿರುವುದು ಲಾಡಿಹುಳುವೇ ಇರಬೇಕು. ಜಠರಾಗ್ನಿ ಎಲ್ಲವನ್ನೂ ಸುಡುತ್ತದೆನ್ನುತ್ತಾರೆ ಹಿರಿಯರು. ಆದರೂ ಆ ಹಿರಿಯರ ಮನೆಗಳಲ್ಲಿ ಒಲೆ ಆರಿದ್ದನ್ನು ನಾನು ನೋಡಿಲ್ಲ.

ಇಷ್ಟೆಲ್ಲ ಹೊಳೆದರೂ ಹುಸೇನನಿಗೆ ಹೋಗಿ ಹೇಳಲಿಲ್ಲ. ಒಳ್ಳೆಯ ಅಣಕು ಕೆಟ್ಟುಹೋದೀತೆಂಬ ಜಿಪುಣತನ.

ಮರುದಿನ ಅವನ ತಾಯಿ ಫಾತಿಮಾಬಿ ನನ್ನನ್ನು ವಿಚಾರಿಸಿಕೊಳ್ಳಲು ನಮ್ಮ ಜಗಲಿಗೆ ಬಂದಳು. ಬೆಳಿಗ್ಗೆ ಮಗ ಬಾಯಿಗಿಡಲಿದ್ದ ಹಸಿ ತುಂಡನ್ನು ಕಸಿದು ಒಲೆಯ ಮೇಲಿನ ಗಡಿಗೆಗೆ ಹಾಕಿ ಬಂದಿದ್ದಳು. ನಮ್ಮವ್ವ ಒಳಗಿಂದ ಕೇಳುತ್ತಿದ್ದಳು. ನನ್ನ ಮರ್ಯಾದೆ ಉಳಿಯಬೇಕಲ್ಲ. "ದೊರಿ ತಿಂದು ಗಟ್ಟಿಮುಟ್ಟಾಗಿ ಅದಾನಲ್ಲಬೇ" ಎಂದೆ. ಈ ಸಲ ಸ್ವಂತ ದನಿಯೇ ಬಂತು, ಅದೂ ಸಣ್ಣಗೆ.

ಫಾತಿಮಾಬಿ ಸೆರಗು ಸರಿಮಾಡಿಕೊಂಡಳು.

"ತಿನ್ನಲಿ ಬೇಟಾ. ದೊರಿ ಹೊಟ್ಟಿ ನೊಂದ್ರ ಬಳ್ಳಾರಿಂದ ಮೋಟರಿನ್ಯಾಗ ಡಾಕ್ಟರ್ ಬರ್ತಾನ. ನನ್ನ ಮಗನ ಹೊಟ್ಟಿ ನೊಂದ್ರ ನೀನು ಬಂದು ಅವನ ದನಿಯಾಗ ನರಳಿ ತೋರಸ್ತಿ, ಅಷ್ಟ."