ಮೇಷ್ಟ್ರು ಕಾದ ಅರ್ಧ ಗಂಟೆ

ನಮ್ಮ ಗಣಿತದ ಮೇಷ್ಟ್ರ ಕನ್ನಡಕಕ್ಕೆ ಎಡಗಡೆಯ ಕಡ್ಡಿಯೇ ಇರಲಿಲ್ಲ. ಅದರ ಬದಲು ಹಸಿರು ರೇಷ್ಮೆದಾರ ಕಿವಿಗೆ ಸುತ್ತಿಕೊಂಡಿರುತ್ತಿತ್ತು. ಕೊಳ್ಳೇಗಾಲದಲ್ಲಿ ಅವರ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಮಗ್ಗದವರು ಕೊಟ್ಟ ದಾರ. ಬೋರ್ಡಿನ ಮೇಲೆ ಬಗ್ಗಿ ಬರೆಯುವಾಗ ಕನ್ನಡಕ ಜಾರುತ್ತಿತ್ತು, ಅವರು ಸೀಮೆಸುಣ್ಣದ ಕೈಯಲ್ಲೇ ಮೇಲಕ್ಕೆ ತಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಮೂಗೆಲ್ಲ ಬೆಳ್ಳಗೆ.

ಎಪ್ಪತ್ತರ ದಶಕದ ಕೊನೆ ಅದು. ನಾನು ಯಳಂದೂರಿನಿಂದ ಬಸ್ಸಿನಲ್ಲಿ ಬಂದು ಪಿಯುಸಿ ಓದುತ್ತಿದ್ದೆ. ಮೇಷ್ಟ್ರು ಹತ್ತಿರದ ಶಾಗ್ಯ ಹಳ್ಳಿಯವರು. ಮದರಾಸಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಅದನ್ನು ಬಿಟ್ಟು ಈ ಕಡೆ ಬಂದಿದ್ದರು. ಏಕೆ ಬಿಟ್ಟರೆಂದು ನಮಗೆ ಗೊತ್ತಿರಲಿಲ್ಲ. ನಾವ್ಯಾರೂ ಕಂಪ್ಯೂಟರ್ ಕಂಡವರಲ್ಲ, ಪಾಠ ಮುಗಿದ ಮೇಲೆ ಅದರ ಕತೆ ಹೇಳಿಸಿಕೊಳ್ಳುವುದೇ ನಮಗೊಂದು ಖುಷಿ.

ಒಂದು ದಿನ ನಾನು, "ಓಡ್ತಿರೋ ಪ್ರೋಗ್ರಾಂನ ಮಧ್ಯದಲ್ಲಿ ನಿಲ್ಸೋದು ಎಂಗೆ ಸಾ?" ಎಂದು ಕೇಳಿದೆ.

ಬೋರ್ಡಿಗೆ ಕರೆದು ಒಂದು ಉದ್ದನೆಯ ಲೆಕ್ಕ ಕೊಟ್ಟರು. "ಈಗ ನೀನೇ ಪ್ರೋಗ್ರಾಂ ಕಣವ್ವ. ನಾನು ಆಪರೇಟಿಂಗ್ ಸಿಸ್ಟಂ, ಎಲ್ಲಾರ್ನೂ ನೋಡ್ಕಳೋ ಯಜಮಾನ. ನಾನು ಸಾಕು ಅಂತೀನಿ. ಅದೇ ಸಿಗ್ನಲ್ಲು. ನೀನು ಬರ್ದಿದ್ದ ಜೋಪಾನ ಮಾಡಿ ಬಂದು ಕುಂತ್ಕಬೋದು. ಇಲ್ಲಾ, ಕೇಳುಸ್ದೇ ಇರೋರಂಗೆ ಬರೀತಾನೇ ಇರ್ಬೋದು. ಆದ್ರೆ ಇನ್ನೊಂದು ಸಿಗ್ನಲ್ ಅದೆ. ಅದುನ್ನ ಯಾವ ಪ್ರೋಗ್ರಾಮೂ ಒಲ್ಲೆ ಅನ್ನಂಗಿಲ್ಲ. ಬಂತು ಅಂದ್ರೆ ಮುಗೀತು, ಅರ್ಧ ಮಾಡಿದ್ದೆಲ್ಲ ಓಯ್ತದೆ."

"ಸಾಕು" ಎಂದರು. ಉತ್ತರ ಹತ್ತಿರ ಬಂದಿತ್ತು, ನಾನು ಬರೆಯುತ್ತಲೇ ಇದ್ದೆ. ಮತ್ತೆ "ಸಾಕು" ಎಂದರು. ಎಲ್ಲರೂ ನಕ್ಕರು. ತಿರುಗಿ ನೋಡಿದರೆ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದರು.

"ನಂಗೂ ಇಂಗೇ ಆಯ್ತು" ಎಂದರು.

ಒಂದು ಭಾನುವಾರ ಮಧ್ಯಾಹ್ನ ಕಂಪ್ಯೂಟರ್ ಕೋಣೆಯಲ್ಲಿ ಅವರೊಬ್ಬರೇ ಇದ್ದರಂತೆ. ಕೋಣೆಯನ್ನು ತಂಪಾಗಿಡುವ ಯಂತ್ರ ಕೆಟ್ಟಿತು. ಕಾವೇರುವ ಮೊದಲು ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿ ಕಂಪ್ಯೂಟರ್ ಆರಿಸಬೇಕು. ಇವರು ಎಲ್ಲಕ್ಕೂ ಮೆದುವಾದ ಸಿಗ್ನಲ್ಲನ್ನೇ ಕಳಿಸಿದರು. ಒಂದೊಂದೇ ತನ್ನ ಕೆಲಸ ಉಳಿಸಿಟ್ಟು ನಿಂತಿತು. ಮಳೆಯ ಲೆಕ್ಕ ಹಾಕುತ್ತಿದ್ದ ಒಬ್ಬ ಯುವಕನ ಪ್ರೋಗ್ರಾಂ ಮಾತ್ರ ಜಪ್ಪಯ್ಯ ಎಂದರೂ ನಿಲ್ಲಲಿಲ್ಲ. ಸಿಗ್ನಲ್ ಬಂದರೂ ಲಕ್ಷ್ಯ ಕೊಡದಂತೆ ಅವನೇ ಅದನ್ನು ಬರೆದಿದ್ದ. ಮಧ್ಯದಲ್ಲಿ ನಿಲ್ಲಿಸಬೇಡಿ ಎಂದು ಇವರನ್ನು ಬೇಡಿಕೊಂಡೂ ಹೋಗಿದ್ದ. ಇನ್ನೇನು ಮುಗಿದೀತು ಎಂದು ಕಾದರು. ಮತ್ತೆ ಸಿಗ್ನಲ್ ಕಳಿಸಿ ಮತ್ತೆ ಕಾದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಾವೇರಿದ ಡಿಸ್ಕ್ ಕಿರ್ರೆಂದು ಕಿರುಚಿ ಹಾಳಾಯಿತು. ಎಲ್ಲರ ಕೆಲಸವೂ ಇದ್ದದ್ದು ಆ ಡಿಸ್ಕಿನಲ್ಲೇ. ಟೇಪಿನಲ್ಲಿದ್ದ ನಕಲು ತೀರಾ ಹಳೆಯದು.

"ಆ ಇನ್ನೊಂದುನ್ನ ಕಳಿಸ್ಬೋದಿತ್ತಲ್ಲ ಸಾ?" ಎಂದೆ.

"ಬೆರಳು ಅದ್ರ ಮೇಲೇ ಇತ್ತು ಕಣವ್ವ. ಒಬ್ಬುಂದು ಆಳಾಯ್ತದಲ್ಲ ಅಂತ ಕಾದೆ. ಎಲ್ಲಾರ್ದೂ ಆಳಾಯ್ತು."

ಸಂಸ್ಥೆಯವರು ಅವರನ್ನು ಹೋಗೆನ್ನಲಿಲ್ಲ. ಕಾಯಿಲೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬಾಕೆಯ ವರ್ಷಗಟ್ಟಲೆ ದುಡಿಮೆ ಆ ಡಿಸ್ಕಿನಲ್ಲಿತ್ತು. ಕ್ಷಮೆ ಕೇಳಲು ಮನೆಗೆ ಹೋದರೆ, ಆಕೆ ಕೂರಿಸಿ ಕಾಫಿ ಮಾಡಿಕೊಟ್ಟರಂತೆ. "ಬಯ್ದಿದ್ರೆ ಅಲ್ಲೇ ಇರ್ತಿದ್ನೇನೋ. ಆ ಕಾಫಿ ಕುಡ್ದು ಬಂದೋನು ಕೆಲ್ಸ ಬುಟ್ಟೆ" ಎಂದರು.

ಪಿಯುಸಿ ಮುಗಿದು ನನಗೆ ಮೈಸೂರಿನಲ್ಲಿ ಸೀಟು ಸಿಕ್ಕಿತು. ಅಲ್ಲಿ ಕಂಪ್ಯೂಟರ್ ನೋಡಬಹುದೆಂದು ತಿಳಿದು, ಅವರನ್ನೂ ಬರಲೇಬೇಕೆಂದು ಹಟಹಿಡಿದೆ. ಒಗೆದ ಅಂಗಿ ತೊಟ್ಟು ಬಸ್ ನಿಲ್ದಾಣಕ್ಕೆ ಬಂದರು. ಬಸ್ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಡ್ರೈವರ್ ಗಾಡಿ ಶುರು ಮಾಡಿದಾಗ ಎದ್ದು ಇಳಿದುಬಿಟ್ಟರು. ಕಿಟಕಿಯ ಬಳಿ ಬಂದು, "ನೀ ಓಗವ್ವ. ಅದ್ರ ಮುಂದೆ ಕುಂತ್ರೆ ನನ್ ಕೈ ಆಡಕಿಲ್ಲ" ಎಂದರು.

ನಾನು ಡಿಗ್ರಿ ಮುಗಿಸುವ ಮೊದಲೇ ಅವರು ಶಾಗ್ಯದಲ್ಲಿ ಎದೆನೋವಿನಿಂದ ತೀರಿಕೊಂಡರು. ಗೆಳತಿಯೊಬ್ಬಳಿಂದ ನನಗೆ ಸುದ್ದಿ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಮುಂದೆ ನಾನೂ ಕಂಪ್ಯೂಟರ್ ನೋಡಿಕೊಳ್ಳುವ ಅದೇ ಕೆಲಸಕ್ಕೆ ಸೇರಿದೆ. ಎಷ್ಟು ಕಾಯಬೇಕು, ಯಾವಾಗ ಬಲವಂತವಾಗಿ ನಿಲ್ಲಿಸಬೇಕು ಎಂದು ತೀರ್ಮಾನಿಸಲು ಕಲಿತದ್ದು ಅವರಿಂದ. ಅಂಥ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿ ಯಾವಾಗಲೂ ಯಾರಾದರೊಬ್ಬರು ಇರುತ್ತಾರೆ. ಆ ಭಾನುವಾರ ಮೇಷ್ಟ್ರ ಪಕ್ಕದಲ್ಲಿ ನಿಂತು, "ಇನ್ನು ಕಾಯಬೇಡಿ ಸಾ" ಎನ್ನಲು ಒಬ್ಬರಾದರೂ ಇರಬೇಕಿತ್ತು.