ಚಕ್ಕಡಿಯ ಹಿಂದಿನ ಅಡುಗೆಮನೆ

ಹೊಸ ಹಲಗೆಯ ವಾಸನೆ, ಅದರೊಳಗೆ ಶೇಂಗಾ ಚಟ್ನಿಯ ಘಾಟು. ಹೋದ ಚಳಿಗಾಲ ದಾಂಡೇಲಿಯ ಹೊರಗೆ, ಹೊಳೆಯ ದಂಡೆಯ ಒಂದು ವಸತಿಗೃಹದ ಅಂಗಳದಲ್ಲಿ ಇವೆರಡೂ ಒಟ್ಟಿಗೆ ನನ್ನ ಮೂಗಿಗೆ ಬಡಿದವು. ಅಲ್ಲೊಂದು ಕಾರು ನಿಂತಿತ್ತು. ಅದರ ಬೆನ್ನಿಗೆ ಗಾಲಿಯ ಮೇಲಿನ ಪುಟ್ಟ ಮನೆಯೊಂದನ್ನು ಕಟ್ಟಿದ್ದರು. ಹುಬ್ಬಳ್ಳಿ ಕಡೆಯ ಎಳೆಯ ಗಂಡ ಹೆಂಡತಿ, ಹೊಸದಾಗಿ ಕೊಂಡಿದ್ದರಂತೆ. ನಾನು ನೋಡುತ್ತ ನಿಂತದ್ದನ್ನು ಕಂಡು ಆ ಹುಡುಗಿ ಕರೆದಳು. ಆ ಪುಟ್ಟ ಮನೆಯ ಹಿಂಭಾಗದ ಬಾಗಿಲನ್ನು ಮೇಲಕ್ಕೆತ್ತಿ ಒಳಗಿನಿಂದ ಒಂದು ಅಡುಗೆ ಪೆಟ್ಟಿಗೆಯನ್ನು ಎಳೆದಳು. ಒಲೆಗೊಂದು ಜಾಗ, ಡಬ್ಬಿಗಳಿಗೊಂದು ಖಾನೆ, ಲೋಟ ಅಲುಗದಂತೆ ಒಂದೊಂದಕ್ಕೂ ಒಂದೊಂದು ಗುಳಿ...

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಕೆ ಪಾಪ, ಅಜ್ಜಿಗೆ ತಲೆ ತಿರುಗಿರಬೇಕು ಅಂದುಕೊಂಡು ಕುರ್ಚಿ ತಂದಳು. ನನಗೆ ತಲೆ ತಿರುಗಿರಲಿಲ್ಲ. ಆ ಪೆಟ್ಟಿಗೆಯನ್ನು ನಾನು ಮೊದಲೇ ನೋಡಿದ್ದೆ. ಅದು ಕಲ್ಲಿನಿಂದ ಕಲ್ಲಿಗೆ ಉರುಳಿ ಹಳ್ಳಕ್ಕೆ ಬಿದ್ದದ್ದನ್ನೂ ನೋಡಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ತಂದೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಧಾರವಾಡದಲ್ಲಿ ಕಾಲೇಜು ಓದುತ್ತ, ರಜೆಗೆ ಮನೆಗೆ ಬರುತ್ತಿದ್ದೆ. ಎದುರು ಮನೆಯಲ್ಲಿ ಕಾಕು ಇದ್ದರು. ರಕ್ತ ಸಂಬಂಧವೇನಲ್ಲ. ಸಾಲುಮನೆಗಳಲ್ಲಿ ಎಲ್ಲರೂ ಎಲ್ಲರಿಗೂ ಕಾಕಾ, ಕಾಕು, ಮಾವಶಿ ಆಗಿಬಿಡುತ್ತಿದ್ದರು. ಕಾಕು ಎತ್ತರದ ಹೆಣ್ಣುಮಗಳು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಇರುತ್ತಿದ್ದರು. ಯಾವ ವಸ್ತು ಎಲ್ಲಿರಬೇಕು ಎಂಬ ವಿಷಯದಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನಮ್ಮ ಮನೆಗೆ ಬಂದರೆ ಮಾತಾಡುತ್ತಲೇ ನಮ್ಮ ಅವ್ವನ ಡಬ್ಬಿಗಳ ಜಾಗ ಬದಲಿಸಿ ಹೋಗುತ್ತಿದ್ದರು. ಅವ್ವ ಬೈದುಕೊಳ್ಳುತ್ತಿದ್ದಳು, ಆದರೆ ಮತ್ತೆ ಮೊದಲಿನ ಜಾಗಕ್ಕೆ ಇಡುತ್ತಿರಲಿಲ್ಲ.

ಕಾಕುವಿನ ಅತ್ತೆಗೆ ಕಾಲು ಬರುತ್ತಿರಲಿಲ್ಲ. ಕುಳಿತಲ್ಲೇ ಕುಳಿತಿರುತ್ತಿದ್ದ ಆ ಅಜ್ಜಿಗೆ ಇದ್ದದ್ದು ಒಂದೇ ಆಸೆ, ಉಳವಿಯ ಗುಡಿಗೆ ಹೋಗಿ ಬರಬೇಕು. ಬಸ್ಸಿನಲ್ಲಿ ಒಮ್ಮೆ ಕರೆದುಕೊಂಡು ಹೋಗಲು ನೋಡಿ, ಅರ್ಧ ದಾರಿಯಲ್ಲಿ ವಾಂತಿಯಾಗಿ ನರಳಿದ್ದಕ್ಕೆ ವಾಪಸ್ಸು ತಂದಿದ್ದರು. ಜಾತ್ರೆಯ ಜನದಲ್ಲಂತೂ ಆಕೆಯನ್ನು ಒಯ್ಯುವಂತಿರಲಿಲ್ಲ. ಹಾಗಿರುವಾಗ ಕಾಕುವಿನ ಗಂಡ ಕಾಕಾ, ಹಳಿಯಾಳದ ಹತ್ತಿರದ ಹಳ್ಳಿಯಲ್ಲಿದ್ದ ಅವರ ಅಣ್ಣ ಹೊಸ ಚಕ್ಕಡಿ ಮಾಡಿಸಿದರು. ಸುಗ್ಗಿ ಮುಗಿದಿತ್ತು, ಎತ್ತು ಬಿಡುವಾಗಿದ್ದವು. ಜಾತ್ರೆಗೆ ಮೊದಲೇ ಚಕ್ಕಡಿಯಲ್ಲಿ ಹಾಸಿಗೆ ಹಾಸಿ, ಅಜ್ಜಿಯನ್ನು ಮಲಗಿಸಿಕೊಂಡು, ದಾರಿಯಲ್ಲಿ ಇಳಿದಿಳಿದು ಹೋಗಿಬರುವುದೆಂದು ಕಾಕು ನಿಶ್ಚಯಿಸಿದರು. ಅಜ್ಜಿಯ ಸೇವೆಗೆ ಇನ್ನೊಂದು ಹೆಣ್ಣು ಕೈ ಬೇಕೆಂದು, ಆಗ ರಜೆಗೆ ಬಂದಿದ್ದ ನನ್ನನ್ನೂ ಕೇಳಿದರು. ಕೇಳಿದರು ಎಂದರೆ... ನಮ್ಮ ಅವ್ವನಿಗೆ ನಾನು ಹೊರಡುವವಳು ಎಂದು ಹೇಳಿ ಹೋದರು.

ಚಕ್ಕಡಿ ಬಂದು ನಮ್ಮ ಸಾಲಿನ ಕೊನೆಯ ಮರದಡಿ ನಿಂತಿತು. ಅಂದಿನಿಂದ ಕಾಕು ಮನೆಯಲ್ಲಿ ಸಿಗುತ್ತಿರಲಿಲ್ಲ. ಬಿದಿರಿನ ತಟ್ಟಿಯನ್ನು ಕಮಾನಿನಂತೆ ಬಗ್ಗಿಸಿ ಚಾವಣಿ ಮಾಡಿಸಿದರು. ಅದರ ಮೇಲೆ ಹಳೆಯ ತಾಡಪತ್ರಿ. ಒಳಗೆ ಹುಲ್ಲು, ಹುಲ್ಲಿನ ಮೇಲೆ ಗೋಣಿ, ಗೋಣಿಯ ಮೇಲೆ ಕೌದಿ. ಅಜ್ಜಿ ಹಿಡಿದುಕೊಳ್ಳಲು ತಟ್ಟಿಗೆ ಹಗ್ಗದ ಉಂಗುರ. ಕಂದೀಲು ತೂಗಾಡಿ ಒಡೆಯಬಾರದೆಂದು ಅದಕ್ಕೆ ಮೇಲೊಂದು ಕೆಳಗೊಂದು ಕೊಕ್ಕೆ. ಮಗ್ಗುಲಿಗೆ ಚರ್ಮದ ಕುಣಿಕೆ ಹೊಡೆಸಿ ಅದರಲ್ಲಿ ಕುಡಗೋಲು ಸಿಕ್ಕಿಸಿದರು. ದಾರಿಯಲ್ಲಿ ಹುಲ್ಲು ಕೊಯ್ಯಲು, ಅಡ್ಡ ಬಂದ ಬಳ್ಳಿ ಕಡಿಯಲು ಕೈಗೆ ಸಿಗಬೇಕಲ್ಲ. ಗಾಲಿಯ ಅಚ್ಚಿಗೆ ಹಾಕುವ ಎಣ್ಣೆಯ ಬುದ್ದಲಿ ಅಚ್ಚಿನ ಹತ್ತಿರವೇ ಇರಬೇಕು, ಕೌದಿಯ ಹತ್ತಿರ ಬರಕೂಡದು ಎಂದು ಕಾಕಾನಿಗೆ ತಾಕೀತಾಯಿತು.

ಇವೆಲ್ಲಕ್ಕೂ ಕಲಶವಿಟ್ಟಂತೆ ಆ ಅಡುಗೆ ಪೆಟ್ಟಿಗೆ. ಬಡಿಗನ ತಲೆ ತಿಂದು ಮಾಡಿಸಿದ್ದು. ಮುಚ್ಚಳ ಕೆಳಗಿಳಿಸಿದರೆ ರೊಟ್ಟಿ ಬಡಿಯುವ ಮಣೆ. ಒಳಗೆ ಹಿಟ್ಟು, ಚಟ್ನಿ, ಉಪ್ಪು, ಬೆಲ್ಲ, ಕಬ್ಬಿಣದ ಒಲೆ. ಅಡಿಯಲ್ಲಿ ಒಂದು ಅಡ್ಡಗಟ್ಟಿಗೆ, ಅದಕ್ಕೆ ನೀರಿನ ತಾಮ್ರದ ಕೊಡ ತೂಗುಹಾಕಬಹುದು. ಪೆಟ್ಟಿಗೆಯನ್ನು ಚಕ್ಕಡಿಯ ಹಿಂಬದಿಗೆ, ಹೊರಗೆ ಚಾಚುವಂತೆ ಎರಡು ಹಗ್ಗದಿಂದ ಬಿಗಿದರು. ಅದು ಬೇರೆಲ್ಲಿಯೂ ಇರುವಂತಿರಲಿಲ್ಲ. ಮನೆಯಲ್ಲಿ ಪಡಸಾಲೆ ಮುಂದೆ, ಅಡುಗೆಮನೆ ಹಿಂದೆ. ಅಜ್ಜಿಯ ಮಡಿ ದೊಡ್ಡದು. ಎತ್ತು ಬಾಲ ಬೀಸುವ ಕಡೆ ಇಟ್ಟ ಹಿಟ್ಟಿನ ರೊಟ್ಟಿಯನ್ನು ಆಕೆ ಮುಟ್ಟುವುದಿಲ್ಲ. ಸೊಸೆ ಅದನ್ನು ತಿಳಿದೇ ಮಾಡಿದ್ದರು.

ಕಾಕಾ ಒಕ್ಕಲುತನದ ಮನೆಯವರು. ಚಕ್ಕಡಿಯ ಸುತ್ತ ಒಂದು ಸುತ್ತು ಬಂದು, “ಹಿಂಭಾರ ಆಗತೈತಿ ನೋಡು. ಮೂಕಿ ಎದ್ದು ಎತ್ತಿಗೆ ಕೊಳ್ಳ ಬಿಗೀತೈತಿ,” ಅಂದರು. ಮೂಕಿ ಎಂದರೆ ಚಕ್ಕಡಿಯಿಂದ ಮುಂದಕ್ಕೆ ಚಾಚಿದ ಉದ್ದನೆಯ ಮರ. ಅದರ ತುದಿಗೇ ನೊಗ ಕಟ್ಟುವುದು. ಹಿಂದೆ ಭಾರ ಹೆಚ್ಚಾದರೆ ಅದು ಏತದಂತೆ ಮೇಲೇಳುತ್ತದೆ, ನೊಗದ ಜೊತೆ ಎತ್ತಿನ ಕೊರಳ ಪಟ್ಟಿಯನ್ನೂ ಎಳೆಯುತ್ತದೆ.

“ಮುಂದ ನೀವ ಕುಂಡ್ರತೀರಲ್ಲರೀ. ಆ ಹೊಟ್ಟಿ ಮತ್ತ ಯಾತಕ್ಕ ಐತಿ? ಸಮಾ ಆಗತೈತಿ ತಗೋರಿ.”

ಮರದಡಿ ಸೇರಿದ್ದ ಹೆಂಗಸರೆಲ್ಲ ನಕ್ಕರು. ಕಾಕಾನೂ ನಕ್ಕು ಮುಂದೆ ಏರಿ ಕುಳಿತರು. ನಿಜಕ್ಕೂ ಸಮವಾಯಿತು. ಕಾಕು ಮೂಕಿಯನ್ನು ತಟ್ಟಿ, ಕಂಡಿರಾ ಎನ್ನುವಂತೆ ಎಲ್ಲರ ಮುಖ ನೋಡಿದರು.

ದಾರಿ ಸುಖವಾಗಿಯೇ ಸಾಗಿತು. ಎರಡೂ ಬದಿಗೆ ತೇಗ, ಬಿದಿರು, ಬಿಸಿಲು ಚಿಲ್ಲರೆಯಾಗಿ ಬೀಳುವ ಕಾಡುದಾರಿ. ನೆರಳು ಕಂಡಲ್ಲಿ ನಿಲ್ಲುತ್ತಿದ್ದೆವು. ಕಾಕು ಹಿಂದಿನ ಮುಚ್ಚಳ ಇಳಿಸಿದರೆ ಅಡುಗೆಮನೆ ತೆರೆಯಿತು ಎಂದೇ ಲೆಕ್ಕ. ಅಜ್ಜಿ ಆ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರುವುದನ್ನು ಕಲಿತಿದ್ದರು. ಬಿಸಿ ರೊಟ್ಟಿ ಕೈಗೆ ಬಂದಾಗ ಮಹಾರಾಣಿಯಂತೆ ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಜೊಯಿಡಾದಲ್ಲಿ ಅಂಗಡಿಯ ಮುಂದೆ ಚಕ್ಕಡಿ ನಿಲ್ಲಿಸಿದಾಗ ಕೊಂಕಣಿ ಮಾತಾಡುವ ಹೆಂಗಸರು ಬಂದು ಪೆಟ್ಟಿಗೆಯನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದರು. ಅವರ ಮಾತು ನಮಗೆ ಪೂರ್ತಿ ತಿಳಿಯಲಿಲ್ಲ. ಕಾಕುವಿಗೆ ಮಾತ್ರ ಎಲ್ಲ ತಿಳಿದಂತೆ ಮುಖ ಅರಳಿತ್ತು.

ಜೊಯಿಡಾ ದಾಟಿದ ಮೇಲೆ ಒಂದು ಹಳ್ಳ ಬಂತು. ನೀರು ಪಾದದಷ್ಟೇ. ಎತ್ತಿಗೆ ನೀರು ಕುಡಿಸಿದೆವು. ಮುಂದಿನ ನೀರು ದೂರವಿದೆಯೆಂದು ಕಾಕು ಕೊಡಗಳನ್ನು ಬಾಯ್ತನಕ ತುಂಬಿ ಪೆಟ್ಟಿಗೆಯಡಿಯ ಅಡ್ಡಗಟ್ಟಿಗೆಗೆ ತೂಗುಹಾಕಿದರು. ಅಲ್ಲಿಂದ ಆಚೆ ಒಂದೇ ಸಮನೆ ಏರು. ಎಡಕ್ಕೆ ಗುಡ್ಡ, ಬಲಕ್ಕೆ ಕೆಳಗೆ ಹಳ್ಳದ ಬಂಡೆಗಳು. ಎತ್ತು ದಣಿದಾವು ಎಂದು ನಾನೂ ಕಾಕುವೂ ನಡೆಯತೊಡಗಿದೆವು. ಏರಿನ ನಡುವೆ ಬಿಳಿ ಎತ್ತು ಮುಗ್ಗರಿಸಿತು. ಕಾಕಾನಿಗೆ ಅದನ್ನು ನೋಡಲಾಗಲಿಲ್ಲ. ಅವರೂ ಕೆಳಗೆ ಧುಮುಕಿ ಎತ್ತಿನ ಮುಂದೆ ನಡೆದು ಎಳೆಯತೊಡಗಿದರು.

ಸಮ ಮಾಡುತ್ತಿದ್ದ ಭಾರವೇ ಕೆಳಗಿಳಿದಿತ್ತು.

ಮೂಕಿ ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ಒಮ್ಮೆಲೇ. ಎತ್ತುಗಳ ಕೊರಳು ಮೇಲಕ್ಕೆ ಸೆಳೆದು, ಮುಂಗಾಲು ನೆಲ ಬಿಟ್ಟು ಕುಣಿಯತೊಡಗಿದವು. ಅವುಗಳ ಗಂಟಲಿನಿಂದ ಹೊರಟ ಸದ್ದು... ಅದನ್ನು ಬರೆಯಲು ನನಗೆ ಬಾರದು. ಕಾಕಾ ಮೂಕಿಯನ್ನು ಎರಡೂ ತೋಳಿನಿಂದ ತಬ್ಬಿ ಜೋತುಬಿದ್ದರು. ಅವರ ಕಾಲೂ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಚಕ್ಕಡಿ ಹಿಂದಕ್ಕೆ ಉರುಳಲು ಶುರುವಾಯಿತು. ಒಳಗೆ ಅಜ್ಜಿ ಇಳಿಜಾರಿಗೆ ಜಾರಿ ಜಾರಿ ಪೆಟ್ಟಿಗೆಗೆ ಒತ್ತಿಕೊಂಡಿದ್ದರು.

“ಅತ್ತಿ, ಮುಂದ ಸರೀರಿ,” ಎಂದರು ಕಾಕು. ಕಾಲು ಬಾರದ ಮುದುಕಿ ಎಲ್ಲಿ ಸರಿದಾಳು? “ತಂಗಿ, ಗಾಲಿಗೆ ಕಲ್ಲ ಕೊಡು.”

ನಾನು ಕೈಗೆ ಸಿಕ್ಕ ಕಲ್ಲನ್ನು ಗಾಲಿಯ ಹಿಂದೆ ಇಟ್ಟೆ. ಗಾಲಿ ಅದನ್ನು ಹತ್ತಿ ಇಳಿಯಿತು. ದೊಡ್ಡದೊಂದನ್ನು ತಬ್ಬಿ ಎತ್ತಿ ಇಟ್ಟೆ. ಅದಕ್ಕೆ ತಡೆದು, ಚಕ್ಕಡಿ ಒಂದು ಕ್ಷಣ ಯೋಚನೆ ಮಾಡುವಂತೆ ನಿಂತಿತು. ಬಲಗಾಲಿಗೂ ದಾರಿಯ ಅಂಚಿಗೂ ನಡುವೆ ಉಳಿದದ್ದು ಮೊಣಕೈ ಉದ್ದದ ಮಣ್ಣು. ಆ ಕ್ಷಣದಲ್ಲಿ ಕಾಕು ಮಗ್ಗುಲಿನ ಕುಣಿಕೆಯಿಂದ ಕುಡಗೋಲು ಕಿತ್ತುಕೊಂಡು ಚಕ್ಕಡಿಯ ಹಿಂದೆ ಹೋದರು.

ಅರವತ್ತು ವರ್ಷಗಳಿಂದ ನಾನು ಮತ್ತೆ ಮತ್ತೆ ನೋಡುತ್ತಿರುವುದು ಇದನ್ನೇ. ಹಿಂದಕ್ಕೆ ಉರುಳುವ ಚಕ್ಕಡಿ, ಅದರ ಹಿಂದೆಯೇ ಹೋಗಿ ನಿಂತ ಹೆಂಗಸು. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕುಳಿತಾಗ, ಸುಮ್ಮನೆ ಹೂ ಕಟ್ಟುವಾಗ ಅದು ಕಣ್ಣ ಮುಂದೆ ಬರುತ್ತದೆ. ಕೆಲವೊಮ್ಮೆ ಹಗ್ಗ ಕಡಿಯುವುದೇ ಇಲ್ಲ. ಕೆಲವೊಮ್ಮೆ ಕಲ್ಲು ಜಾರುತ್ತದೆ. ನಾನು ಗಟ್ಟಿಯಾಗಿ ಉಸಿರು ಎಳೆದುಕೊಂಡು, ಇಲ್ಲ, ಹಾಗಾಗಲಿಲ್ಲ ಎಂದು ನನಗೇ ಹೇಳಿಕೊಳ್ಳಬೇಕಾಗುತ್ತದೆ.

ಹಾಗಾಗಲಿಲ್ಲ. ಒಂದು ಹಗ್ಗ ಕಡಿಯಿತು. ಪೆಟ್ಟಿಗೆ ವಾರೆಯಾಗಿ ಜೋತು ಕೊಡದ ನೀರು ಕಾಕುವಿನ ಮೈಮೇಲೆ ಸುರಿಯಿತು. ಅಜ್ಜಿ ಹಿಂದಿನಿಂದ ಹೊರಬೀಳದಂತೆ ಕಾಕು ಒಂದು ಕೈಯಿಂದ ಅವರ ಬೆನ್ನನ್ನು ಒಳಗೆ ನೂಕಿ ಹಿಡಿದು, ಇನ್ನೊಂದು ಕೈಯಿಂದ ಎರಡನೆಯ ಹಗ್ಗ ಕೊಯ್ದರು. ಪೆಟ್ಟಿಗೆ, ಕೊಡ, ಒಲೆ, ಹಿಟ್ಟು ಎಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಮೂಕಿ ಇಳಿಯಿತು. ಕಾಕಾನ ಪಾದ ನೆಲ ಕಂಡಿತು, ಎತ್ತುಗಳ ಮುಂಗಾಲೂ ಊರಿದವು. ಪೆಟ್ಟಿಗೆ ಅಂಚು ದಾಟಿ ಬಂಡೆಗೊಮ್ಮೆ ಬಡಿದು, ಇನ್ನೊಮ್ಮೆ ಬಡಿದು, ಹಳ್ಳದಲ್ಲಿ ಹಲಗೆ ಹಲಗೆಯಾಗಿ ಬಿಚ್ಚಿಕೊಂಡಿತು. ಕಾಕು ತಿರುಗಿ ನೋಡಲಿಲ್ಲ.

ಒಳಗಿನಿಂದ ಅಜ್ಜಿಯ ದನಿ ಬಂತು. “ಏನಾತವಾ? ಚಟ್ನಿ ಚೆಲ್ಲಿತೇನು?”

“ಎಲ್ಲಾ ಚೆಲ್ಲಿತ್ರೀ ಅತ್ತಿ. ನೀವೊಬ್ರು ಉಳದೀರಿ.”

ಏರು ಮುಗಿದು ಸಪಾಟು ಜಾಗ ಬಂದ ಮೇಲೆ ಎತ್ತು ಬಿಚ್ಚಿದೆವು. ಕಾಕಾ ಎತ್ತಿನ ಕೊರಳಿಗೆ ಎಣ್ಣೆ ಸವರುತ್ತ ಕುಳಿತರು. ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಅದನ್ನು ನಾನು ಅವರ ದೊಡ್ಡತನವೆಂದೇ ತಿಳಿದಿದ್ದೇನೆ. ಕಾಕು ಒದ್ದೆ ಸೆರಗು ಹಿಂಡಿ, ಚಕ್ಕಡಿಯ ಮುಂದೆ ಹೋಗಿ ಮೂಕಿಯನ್ನು ಎರಡು ಕೈಯಿಂದ ಎತ್ತಿ ನೋಡಿದರು. ಇಳಿಸಿದರು. ಮತ್ತೆ ಎತ್ತಿದರು. ಕೌದಿ, ಹುಲ್ಲು, ಗಂಟುಗಳನ್ನೆಲ್ಲ ಒಂದೊಂದಾಗಿ ಮುಂದಕ್ಕೆ ಸರಿಸುತ್ತ ಪ್ರತಿ ಸಲವೂ ಎತ್ತಿ ನೋಡಿದರು. ಮನೆ ಹೇಗಿರಬೇಕೆಂದು ಗೊತ್ತಿದ್ದ ಹೆಂಗಸು ಚಕ್ಕಡಿ ಹೇಗಿರಬೇಕೆಂದು ಅಂಗೈಯಿಂದ ಕಲಿಯುತ್ತಿದ್ದಂತೆ ನನಗೆ ಕಂಡಿತು.

ಅಜ್ಜಿ ಬಹಳ ಹೊತ್ತು ಇದನ್ನೆಲ್ಲ ನೋಡಿ, ಸೊಸೆಯನ್ನು ಹತ್ತಿರ ಕರೆದರು. “ಇನ್ನ ಒಲಿ ಮುಂದ ಇಡು. ಬಸವಣ್ಣನ ಬಾಲ ತಾಗಿದ್ರ ತಾಗಲಿ. ಅದೇನ ಮೈಲಿಗಿ ಅಲ್ಲ.” ಜನ್ಮವಿಡೀ ಹಿಡಿದ ಮಡಿಯನ್ನು ಆಕೆ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟರು. ಕಾಕು ಆಗ ಅತ್ತರು.

ಉಳವಿ ಮುಟ್ಟಿದೆವು. ಯಾರೋ ಕೊಟ್ಟ ಪಾತ್ರೆಯಲ್ಲಿ ಅನ್ನ ಬೇಯಿಸಿ ತಿಂದೆವು. ಕಾಕಾ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಗುಡಿಯೊಳಗೆ ಒಯ್ದರು. ಆಕೆ ಕೈಮುಗಿದು ಏನು ಬೇಡಿಕೊಂಡರೋ ತಿಳಿಯದು. ಹೊರಗೆ ಬಂದ ಮೇಲೆ, ಪೆಟ್ಟಿಗೆ ಭಾಳ ಚಂದಿತ್ತು ಎಂದಷ್ಟೇ ಅಂದರು.

ಆಮೇಲೆ ನಮ್ಮ ಕಡೆ ಯಾರೇ ಚಕ್ಕಡಿ ಕಟ್ಟಿಕೊಂಡು ದೂರ ಹೊರಡುವವರಿದ್ದರೂ ಮೊದಲು ಕಾಕುವನ್ನು ಕೇಳುತ್ತಿದ್ದರು. ಕಂದೀಲಿನ ಕೊಕ್ಕೆ, ಅಜ್ಜಿ ಹಿಡಿಯುವ ಉಂಗುರ, ಕುಡಗೋಲಿನ ಕುಣಿಕೆ ಎಲ್ಲವನ್ನೂ ಅವರು ಮೊದಲಿನಷ್ಟೇ ಜಬರದಸ್ತಿನಿಂದ ಹೇಳಿ ಮಾಡಿಸುತ್ತಿದ್ದರು. ಅಡುಗೆ ಪೆಟ್ಟಿಗೆಯೂ ಮತ್ತೆ ಹುಟ್ಟಿತು, ಆದರೆ ಗಾಲಿಯ ಅಚ್ಚಿನಿಂದ ಸ್ವಲ್ಪ ಮುಂದೆ. ಎಲ್ಲ ಮುಗಿದ ಮೇಲೆ ಹೊಸ ಚಕ್ಕಡಿಯವನನ್ನು ಮುಂದೆ ಕರೆದು ಹೇಳುತ್ತಿದ್ದರು: “ಮೂಕಿ ಎತ್ತಿ ನೋಡು. ಹಗುರ ಬಂತಂದ್ರ ಮನಿ ಬಿಡಬ್ಯಾಡ.” ತನ್ನ ಪೆಟ್ಟಿಗೆ ಹಳ್ಳಕ್ಕೆ ಬಿದ್ದ ಕತೆಯನ್ನೂ ಮುಚ್ಚಿಡದೆ, ನಗುನಗುತ್ತ ಸೇರಿಸುತ್ತಿದ್ದರು.

ನನ್ನನ್ನು ಮುಂಡಗೋಡಕ್ಕೆ ಕೊಟ್ಟರು. ಸಾಮಾನು ಲಾರಿಯಲ್ಲಿ ಹೋಯಿತು. ಆ ಲಾರಿಯ ಸುತ್ತಲೂ ಕಾಕು ಒಂದು ಸುತ್ತು ಬಂದು, ಕಪಾಟು ಮುಂದೆ ಇಡಿ ಎಂದು ಡ್ರೈವರನ ಜೊತೆ ಜಗಳವಾಡಿದ್ದರು. ಮುಂದೆ ನಾನು ಅಲ್ಲಿನ ಶಾಲೆಯಲ್ಲಿ ಪಾಠ ಹೇಳುವಾಗ, ಸನ್ನೆಗೋಲಿನ ಪಾಠ ಬಂದಾಗಲೆಲ್ಲ ಹಲಗೆಯ ಮೇಲೆ ಚಕ್ಕಡಿ ಬರೆಯುತ್ತಿದ್ದೆ. ಹತ್ತಿರದ ಚಿಗಳ್ಳಿಯಿಂದ ಬರುವ ರೈತರ ಮಕ್ಕಳು ನಾನು ಹೇಳುವ ಮೊದಲೇ ಪಾಠ ಮುಗಿಸಿಬಿಡುತ್ತಿದ್ದರು.

ಕಾಕು ತೀರಿಹೋದ ಸುದ್ದಿ ನನಗೆ ತಡವಾಗಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳಿಯಾಳದವರೊಬ್ಬರಿಂದ ತಿಳಿಯಿತು. ನಾಲ್ಕು ದಿನದ ಜ್ವರವಂತೆ. ಮಣ್ಣಿಗೂ ಹೋಗಲಾಗಲಿಲ್ಲ. ಅವರದೊಂದು ಪಟವೂ ನನ್ನ ಬಳಿ ಇಲ್ಲ. ಇರುವುದು ಆ ಏರು, ಆ ಹಗ್ಗ, ನೀರು ಸುರಿಯುತ್ತಿದ್ದ ಆ ಬೆನ್ನು...

ಹೊಳೆಯ ದಂಡೆಯ ಅಂಗಳದಲ್ಲಿ ಆ ಹುಡುಗಿ ಪೆಟ್ಟಿಗೆಯ ಖಾನೆಗಳನ್ನು ಇನ್ನೂ ತೋರಿಸುತ್ತಿದ್ದಳು. ಹಿಂದೆ ನೀರಿನ ದೊಡ್ಡ ಡಬ್ಬಿಯನ್ನೂ ಕಟ್ಟಿದ್ದಾರಂತೆ. ನಾಳೆ ಉಳವಿ ಕಡೆ ಹೊರಡುವವರಂತೆ. ಗಾಲಿಮನೆಯನ್ನು ಆಕೆಯ ಗಂಡ ಆಗಷ್ಟೇ ಕಾರಿನಿಂದ ಬಿಡಿಸಿದ್ದ. ನಾನು ಕುರ್ಚಿಯಿಂದೆದ್ದು ಅದರ ಮುಂದೆ ಹೋದೆ. ಚಾಚಿಕೊಂಡಿದ್ದ ಕಬ್ಬಿಣದ ಮೂಕಿಯ ಕೆಳಗೆ ಎರಡೂ ಕೈ ಹಾಕಿದೆ. ಅಜ್ಜೀ, ನಿಮ್ಮ ಕೈಲಾಗೋದಿಲ್ಲ, ಭಾಳ ಭಾರ ಐತಿ ಎಂದು ಆ ಹುಡುಗ ನಗುತ್ತ ಓಡಿಬಂದ.

ಎಂಬತ್ತು ದಾಟಿದ ನನ್ನ ಕೈಗೆ ಅದು ಹೂವಿನಂತೆ ಎದ್ದು ಬಂತು.

ಹುಡುಗನ ನಗು ನಿಂತಿತು. “ತಮ್ಮಾ,” ಎಂದೆ, “ಆ ನೀರು, ಆ ಪೆಟಿಗಿ ಮುಂದ ಸರಸು. ನಾ ಇಲ್ಲೇ ಕುಂತಿರ್ತೇನಿ.” ಅವರಿಬ್ಬರೂ ಸಾಮಾನು ಸರಿಸುವುದನ್ನು ನೋಡುತ್ತ ಕುಳಿತೆ. ಪ್ರತಿ ಸಲವೂ ಎದ್ದು ಹೋಗಿ ಎತ್ತಿ ನೋಡಿದೆ. ಕೊನೆಗೆ ಅದು ನನ್ನ ಕೈಗೆ ಏಳದಂತಾಯಿತು. ಸಾಕಲ್ಲರೀ ಕಾಕು ಎನ್ನಲು ನಾನು ತಿರುಗಿದ್ದು ಆ ಹುಡುಗನ ಕಡೆಗಲ್ಲ, ನನ್ನ ಬಲಮಗ್ಗುಲಿಗೆ. ಅಲ್ಲಿ ಯಾರೂ ಇರಲಿಲ್ಲ.