ಬಟ್ಟೆ ಹೊದಿಸಿದ ಬಿಳಿ ಪುಡಿ

ಗುನ್ವೋರ್ ಸ್ವೀಡನ್ನಿನ ಊರುಸ್ಟ್ ದ್ವೀಪದ ಮೀನುಗಾರನೊಬ್ಬನ ಮಗಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೇತುವೆ ದಾಟಿ ಕೇಬಲ್ ಕಾರ್ಖಾನೆಗೆ ಬಂದಾಗ ಅವಳ ಕೈಗೆ ಮೊದಲು ಕೊಟ್ಟದ್ದು ಪೊರಕೆ. ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರದ ಸುತ್ತ ಗುಡಿಸುತ್ತ ಗುಡಿಸುತ್ತಲೇ ಅವಳು ಅದರ ಸದ್ದನ್ನು ಕಲಿತಳು. ಹದ ತಪ್ಪಿದರೆ ಯಂತ್ರ ನರಳುತ್ತಿತ್ತು, ಹದವಾಗಿದ್ದರೆ ಗುನುಗುತ್ತಿತ್ತು. ಮೂರು ವರ್ಷದಲ್ಲಿ ಯಂತ್ರವೇ ಅವಳ ಕೈಗೆ ಬಂತು. ಈಗ ಅವಳಿಗೆ ಅರವತ್ತು. ಕೈಗೆ ಬಂದ ವಸ್ತುವನ್ನಾಗಲಿ ಹೊತ್ತನ್ನಾಗಲಿ ದಂಡ ಮಾಡಿದವಳಲ್ಲ ಎಂಬುದೊಂದೇ ಅವಳಿಗಿದ್ದ ಹೆಮ್ಮೆ.

ಎರಡು ವರ್ಷದ ಹಿಂದೆ ಎಬ್ಬಾ ಎಂಬ ಇಂಜಿನಿಯರ್ ಹುಡುಗಿ ಒಂದು ಡಬ್ಬಿ ಬಿಳಿ ಪುಡಿ ತಂದು ಅವಳ ಮುಂದಿಟ್ಟಳು. ಮೆಗ್ನೀಸಿಯಂ ಆಕ್ಸೈಡ್. ಒಂದೊಂದು ಕಣವೂ ಎಷ್ಟು ಸಣ್ಣದೆಂದರೆ, ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಸಾವಿರ ಕಣ ಸಾಲಾಗಿ ಕೂರಬಹುದು. ಸಮುದ್ರದಾಚೆಯಿಂದ ವಿದ್ಯುತ್ ತರುವ ದಪ್ಪ ಕೇಬಲ್ಲಿನ ಮೈಗೆ ಪಾಲಿಥೀನ್ ಹೊದಿಕೆ ಇರುತ್ತದೆ. ವಿದ್ಯುತ್ತಿನ ಒತ್ತಡ ತೀರ ಹೆಚ್ಚಾದರೆ ವಿದ್ಯುತ್ ಹೊದಿಕೆಯೊಳಗೆ ನುಸುಳಿ, ಕೂಡಿಕೊಂಡು, ಒಂದು ದಿನ ತೂತು ಮಾಡುತ್ತದೆ. ನೂರು ಪಾಲು ಪ್ಲಾಸ್ಟಿಕ್ಕಿಗೆ ಮೂರು ಪಾಲು ಈ ಪುಡಿ ಬೆರೆತರೆ ನುಸುಳುವುದು ತಗ್ಗುತ್ತದೆ. ಆದರೆ ಕಣಗಳು ಬಿಡಿಬಿಡಿಯಾಗಿ ಹರಡಿರಬೇಕು. ಗಂಟು ಕಟ್ಟಿದರೆ ಹೊದಿಕೆ ಮೊದಲಿಗಿಂತ ಕೆಡುತ್ತದೆ.

ಗಂಟೇ ಕಟ್ಟುತ್ತಿತ್ತು. ಹತ್ತು ಮಾದರಿ ಮಾಡಿದ್ದರು, ಒಂಬತ್ತರಲ್ಲಿ ಗಂಟು.

"ನನ್ನ ಲೇಪನಾನೇ ಸರಿ ಇಲ್ಲ ಗುನ್ವೋರ್," ಎಂದಳು ಎಬ್ಬಾ ಒಂದು ಸೋಮವಾರ. ಕಣಗಳು ಪ್ಲಾಸ್ಟಿಕ್ಕಿಗೆ ಒಗ್ಗಲೆಂದು ಅವಕ್ಕೆ ತೆಳ್ಳನೆಯ ಪೊರೆ ಹಚ್ಚುವುದು ಅವಳ ಕೆಲಸ. "ಈ ಶುಕ್ರವಾರ ಮಾಡೋದೂ ಹೀಗೇ ಬಂದ್ರೆ ಈ ಪುಡಿ ಸಹವಾಸ ಸಾಕು ಅಂದ್ಬಿಟ್ಟಿದ್ದಾರೆ ಮೇಲಿನವರು."

"ಹಾಗಾದ್ರೆ ಆ ಏಳನೇದು ಹೇಗೆ ಚೆನ್ನಾಗಿ ಬಂತು?"

"ಅದೃಷ್ಟ."

ಗುನ್ವೋರ್ ಭಾನುವಾರ ತಪ್ಪದೆ ಪ್ರಾರ್ಥನಾ ಮಂದಿರಕ್ಕೆ ಹೋಗುವವಳು. ದೇವರನ್ನು ನಂಬುತ್ತಿದ್ದಳು, ಅದೃಷ್ಟವನ್ನಲ್ಲ. ಏಳನೆಯ ಮಾದರಿಯ ಹಾಳೆ ತೆಗೆದು ನೋಡಿದಳು. ಓವನ್ನಿನ ಬಿಸಿ, ಒಣಗಿಸಿದ ಗಂಟೆಗಳು, ತೂಕ ಎಲ್ಲವೂ ಉಳಿದವುಗಳಂತೆಯೇ ಇದ್ದವು. ತಾರೀಖು ಮಾತ್ರ ತಲೆಯಲ್ಲಿ ಉಳಿಯಿತು: ಅಕ್ಟೋಬರ್ ಹದಿನಾಲ್ಕು.

ಮರುದಿನ ಒಂಬತ್ತೂವರೆಗೆ ಎಲ್ಲರೂ ಫೀಕಾಕ್ಕೆ, ಅಂದರೆ ಕಾಫಿ-ಬನ್ನಿನ ಬಿಡುವಿಗೆ, ಕೂತರು. ಆ ಹೊತ್ತಿನ ಕಾಫಿ ಯಾರಿಗಾಗಿಯೂ ಐದು ನಿಮಿಷ ಆಚೀಚೆ ಆಗುವುದಿಲ್ಲ. ಬನ್ ತರುವ ಸರದಿ ಯಾರದೆಂಬ ಪಟ್ಟಿ ಗೋಡೆಯ ಮೇಲಿತ್ತು. ಅಕ್ಟೋಬರ್ ಹದಿನಾಲ್ಕರ ಎದುರು ಸಿಕ್ಸ್ಟನ್ ಹೆಸರು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಮರೆತ!' ಎಂದು ಯಾರೋ ಗೀಚಿದ್ದರು.

"ಅದನ್ನೇನು ನೋಡ್ತೀಯ?" ಎಂದ ಸಿಕ್ಸ್ಟನ್. ಕೇಬಲ್ ಸುತ್ತುವ ವಿಭಾಗದ ದಢೂತಿ ಆಳು. "ನಾನು ಸತ್ತ ಮೇಲೆ ಕಲ್ಲಿನ ಮೇಲೂ ಕೆತ್ತಿಸ್ತೀರೋ ಏನೋ, ಬನ್ ಮರೆತವ ಇಲ್ಲಿ ಮಲಗಿದ್ದಾನೆ ಅಂತ."

"ಅವತ್ತು ಕಾಫಿ ಎಷ್ಟು ಹೊತ್ತಿಗಾಯ್ತು?"

"ಹತ್ತೂಕಾಲಿಗೆ. ಬೇಕರಿಗೆ ಓಡಿ ಬಂದೆನಲ್ಲ. ಎಲ್ಲರೂ ಮುಖ ಊದಿಸ್ಕೊಂಡು ಕೂತಿದ್ರು. ನೀನೊಬ್ಬಳು ಸುಮ್ಮನೆ ಕೂರೋಳಲ್ಲ, ಪುಡಿ ಬೆರೆಸೋಕೆ ಹೋದೆ."

ಗುನ್ವೋರ್ ಎತ್ತಿದ ಲೋಟ ತುಟಿಗೆ ಹೋಗಲಿಲ್ಲ.

ಬೇರೆಲ್ಲ ದಿನ ಅವಳು ಒಂಬತ್ತು ಇಪ್ಪತ್ತೈದಕ್ಕೆ ಪುಡಿಯ ತಟ್ಟೆಯನ್ನು ಓವನ್ನಿನಿಂದ ಇಳಿಸುತ್ತಿದ್ದಳು. ಅದಕ್ಕೊಂದು ಒಗೆದ ನಾರುಬಟ್ಟೆ ಹೊದಿಸಿ ಕಾಫಿಗೆ ಹೋಗುತ್ತಿದ್ದಳು. ಬರುವಷ್ಟರಲ್ಲಿ ಆರಿರಲಿ, ಹೊತ್ತು ಉಳಿಯಲಿ ಎಂದು. ಅಮ್ಮ ರೈ ಬ್ರೆಡ್ಡನ್ನು ಹಾಗೆಯೇ ಆರಿಸುತ್ತಿದ್ದಳು. ಆ ಪುಡಿ ಗಾಳಿಯ ತೇವವನ್ನು ಕುಡಿಯುತ್ತದೆಂದು ಎಬ್ಬಾ ಮೊದಲ ದಿನವೇ ಹೇಳಿದ್ದಳು. ಇಲ್ಲಿ ಗಾಳಿಯೆಂದರೆ ಸಮುದ್ರದ ಗಾಳಿ. ಬಟ್ಟೆ ಅದನ್ನು ತಡೆಯುವುದಿಲ್ಲ, ತೇವ ಕುಡಿದ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಳೆಯಲ್ಲಿ ಎಲ್ಲವೂ ದಾಖಲಾಗಿತ್ತು, ಫೀಕಾ ಒಂದನ್ನು ಬಿಟ್ಟು. ಉಸಿರಾಡಿದ್ದನ್ನು ಯಾರು ಬರೆದಿಡುತ್ತಾರೆ?

ಶುಕ್ರವಾರ ಸದ್ದಿಲ್ಲದೆ ಸರಿಪಡಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹುಡುಗಿ ತನ್ನ ಕೈಯೇ ಕೆಟ್ಟದ್ದೆಂದು ನಂಬಿಕೊಂಡೇ ಇರುತ್ತಿದ್ದಳು. ಗುನ್ವೋರ್ ಲೋಟ ತೊಳೆದಿಟ್ಟು ನೇರ ಎಬ್ಬಾಳ ಕೋಣೆಗೆ ಹೋದಳು.

"ಗಂಟು ಕಟ್ಟಿಸಿದ್ದು ನಾನು," ಎಂದು ನಿಂತೇ ಎಲ್ಲ ಹೇಳಿದಳು.

ಎಬ್ಬಾ ಪೆನ್ನು ಕೆಳಗಿಟ್ಟಳು. "ನೀನು ಬಟ್ಟೆ ಹೊದಿಸ್ತಿದ್ದೆ. ಬ್ರೆಡ್ಡಿಗೆ ಹೊದಿಸಿದ ಹಾಗೆ."

"ಹ್ಞೂಂ. ಬ್ರೆಡ್ಡಿಗೆ ಹೊದಿಸಿದ ಹಾಗೆ."

"ಬೇಸಿಗೆ ರಜೇನೂ ಬಿಟ್ಟುಕೊಟ್ಟು ಆರು ಸಲ ಲೇಪನ ಬದಲಾಯಿಸ್ದೆ ನಾನು! ಆರು ಸಲ!" ಅವಳ ಕಿವಿ ಕೆಂಪಾದವು. ಗುನ್ವೋರ್ ತಲೆ ತಗ್ಗಿಸಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. ಎಬ್ಬಾ ಕಿಟಕಿಯ ಹತ್ತಿರ ಹೋಗಿ ಬಂದಳು. ಆಮೇಲೆ ದನಿ ಇಳಿಯಿತು. "ನಾನೂ ಅದೇ ಮೇಜಿಗೆ ಕೂತು ಬನ್ ತಿಂತಿದ್ನಲ್ಲ. ಈಗ ಪುಡಿ ಎಲ್ಲಿದೆ ಅಂತ ಒಂದು ದಿನಾನೂ ಕೇಳ್ಲಿಲ್ಲ."

ಗುರುವಾರ ಹೊತ್ತಿನ ಲೆಕ್ಕಾಚಾರ ನಡೆಯಿತು.

"ಪುಡಿಗೋಸ್ಕರ ಕಾಫಿ ಮುಂದೂಡೋದಾ? ಯೂನಿಯನ್‌ನವರನ್ನ ಕರೀತೀನಿ," ಎಂದ ಸಿಕ್ಸ್ಟನ್.

"ನೀನು ಬನ್ ಮರೆತು ಮುಂದೂಡಬಹುದು, ನಾವು ಮಾಡಬಾರದೋ?" ಎಂದಳು ಗುನ್ವೋರ್.

ಕೊನೆಗೆ ಕಾಫಿ ಕದಲಲಿಲ್ಲ, ಓವನ್ನು ಕದಲಿತು. ಶುಕ್ರವಾರ ಅದನ್ನು ಒಂದು ಗಂಟೆ ಮೊದಲೇ ಹಾಕಿದರು. ಎಂಟೂವರೆಗೆ ಪುಡಿ ಬಿಸಿಬಿಸಿಯಾಗಿಯೇ ಯಂತ್ರದ ಬಾಯಿಗೆ ಬಿತ್ತು. ಗುನ್ವೋರ್ ಕಣ್ಣು ಮುಚ್ಚಿ ಆಲಿಸಿದಳು. ತುಟಿ ಸ್ವಲ್ಪ ಅಲ್ಲಾಡುತ್ತಿದ್ದದ್ದು ಎಬ್ಬಾಳ ಕಣ್ಣಿಗೆ ಬಿದ್ದರೂ ಅವಳು ಕೇಳಲಿಲ್ಲ. ಯಂತ್ರ ಗುನುಗಿತು.

ಹೊರಬಂದ ತೆಳ್ಳನೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಂದು ಚುಕ್ಕೆಯೂ ಇರಲಿಲ್ಲ. ಕಣ್ಣಿಗೆ ಕಂಡದ್ದನ್ನು ಸೂಕ್ಷ್ಮದರ್ಶಕವೂ ಒಪ್ಪಬೇಕಲ್ಲ, ಅದಕ್ಕೆ ಮಧ್ಯಾಹ್ನದ ತನಕ ಕಾಯಬೇಕಿತ್ತು.

ಅಂದು ಬನ್ ತರುವ ಸರದಿ ಗುನ್ವೋರ್‌ಳದೇ. ಏಲಕ್ಕಿ ಬನ್‌ಗಳ ಬುಟ್ಟಿಗೆ ಮನೆಯಿಂದ ತಂದ ನಾರುಬಟ್ಟೆ ಹೊದಿಸಿತ್ತು.

"ಇದನ್ನ ತಿನ್ನೋದೋ, ಯಂತ್ರಕ್ಕೆ ಸುರಿಯೋದೋ?" ಎಂದ ಸಿಕ್ಸ್ಟನ್, ಎರಡು ಎತ್ತಿಕೊಳ್ಳುತ್ತ.

ಮೂರೂವರೆಗೆ ಎಬ್ಬಾ ಓಡುತ್ತ ಬಂದಳು. ಕಣಗಳು ಬಿಡಿಬಿಡಿಯಾಗಿ ಹರಡಿದ್ದವು. ಮೇಲಿನವರು ಹೆಚ್ಚೇನೂ ಹೇಳಿರಲಿಲ್ಲ, ಇಂಥದ್ದೇ ಇನ್ನೂ ಹತ್ತು ಮಾಡಿ ಎಂದಿದ್ದರಷ್ಟೆ. ಗುನ್ವೋರ್ ಹೊಸ ಹಾಳೆ ತೆಗೆದಳು. ಒಣಗಿಸಿದ ಗಂಟೆ, ತೂಕಗಳ ಪಕ್ಕದಲ್ಲಿ ಎಬ್ಬಾ ಆಗಲೇ ಇನ್ನೊಂದು ಗೆರೆ ಎಳೆದು, ಮೇಲೆ 'ಫೀಕಾ' ಎಂದು ಬರೆದಿದ್ದಳು.

ಅದರ ಕೆಳಗೆ ಗುನ್ವೋರ್ ತನ್ನ ದುಂಡನೆಯ ಅಕ್ಷರದಲ್ಲಿ ತುಂಬಿದಳು: ಒಂಬತ್ತೂವರೆ, ಪುಡಿ ಯಂತ್ರಕ್ಕೆ ಬಿದ್ದ ಮೇಲೆ.